ಬನಿಯನ್ನಿಗೆ ವೆಸ್ಟ್ ಅನ್ನುವ ದೊಡ್ಡಸ್ತಿಕೆ

ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಕೂಗಿ ಮಾರಿದರೆ ಅದು ಬನಿಯನ್. ಅದನ್ನೇ ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ಕಟ್ಟುಮಸ್ತಾದ ಹೀರೋನ ಫೋಟೋ ಅಂಟಿಸಿ ಮಾಲಿನಲ್ಲಿಟ್ಟರೆ ವೆಸ್ಟ್. ಹತ್ತಿ ಅದೇ, ಹೊಲಿಗೆ ಅದೇ. ರೇಟು ಬೇರೆ, ಮರ್ಯಾದೆಯೂ ಬೇರೆ. ನನ್ನ ಅಣ್ಣನ ಮಗನಂತೂ ಬನಿಯನ್ ಅನ್ನುವುದನ್ನೇ ಬಿಟ್ಟಿದ್ದಾನೆ. "ಚಿಕ್ಕಪ್ಪ, ನನ್ನ ಆಫೀಸಿನವರ ಎದುರು ಬನಿಯನ್ ಗಿನಿಯನ್ ಅನ್ಬೇಡಿ ಮಾರಾಯ್ರೆ, ವೆಸ್ಟ್ ಅನ್ನಿ" ಎಂದು ನನಗೇ ಪಾಠ ಹೇಳುತ್ತಾನೆ. ಮುಂಬಯಿಯಲ್ಲಿ ಈ ಪದಕ್ಕೆ ಇನ್ನೊಂದು ಕೆಟ್ಟ ಹೆಸರೂ ಅಂಟಿದೆ. ಚಡ್ಡಿ ಬನಿಯನ್ ಗ್ಯಾಂಗ್ ಅಂತ ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ರಾತ್ರಿ ಮನೆಗೆ ನುಗ್ಗುವವರು. ಪಾಪ, ಅದರಲ್ಲಿ ಬನಿಯನ್ನಿನ ತಪ್ಪೇನು?

ಇನ್ನೊಂದು ಕಡೆ ನಮ್ಮ ವಾಟ್ಸಾಪ್ ಪಂಡಿತರಿದ್ದಾರೆ. ಅವರದ್ದು ಉಲ್ಟಾ ರಾಗ. ಬನಿಯನ್, ಪೈಜಾಮ, ಶಾಲು, ಖಾಕಿ ಎಲ್ಲಾ ನಮ್ಮ ಪದಗಳು, ಇಂಗ್ಲಿಷರು ಕದ್ದರು, ನಾವಿಲ್ಲದಿದ್ದರೆ ಅವರು ಬೆತ್ತಲೆ ತಿರುಗುತ್ತಿದ್ದರು ಎನ್ನುವ ಧಾಟಿಯ ಫಾರ್ವರ್ಡು. ಒಬ್ಬನಿಗೆ ನಾಚಿಕೆ, ಇನ್ನೊಬ್ಬನಿಗೆ ಜಂಬ. ನನಗೆ ಕೇಳಿದರೆ ಎರಡೂ ಒಂದೇ. ಇಂಗ್ಲಿಷಿನವನು ಏನಂದ, ಏನು ತೆಗೆದುಕೊಂಡ ಎನ್ನುವುದರ ಮೇಲೆ ನಮ್ಮ ಬೆಲೆ ಕಟ್ಟಿಕೊಳ್ಳುವುದು. ಬನಿಯನ್ನಿನ ಕತೆ ಗೊತ್ತಾದರೆ ಇಬ್ಬರೂ ಸುಮ್ಮನಾಗುತ್ತಾರೆ, ಯಾಕಂದ್ರೆ ಅದು ಕಳ್ಳತನದ ಕತೆಯೂ ಅಲ್ಲ, ಹೆಮ್ಮೆಯ ಕತೆಯೂ ಅಲ್ಲ. ಬಂದರುಗಳಲ್ಲಿ ಅರ್ಧಂಬರ್ಧ ಅರ್ಥ ಮಾಡಿಕೊಂಡವರ ಕತೆ.

ಮೂಲದಲ್ಲಿ ಬನಿಯನ್ ಅಂದರೆ ಬಟ್ಟೆಯೇ ಅಲ್ಲ, ಮನುಷ್ಯ. ಗುಜರಾತಿಯಲ್ಲಿ ವ್ಯಾಪಾರಿಗೆ ವಾಣಿಯೋ ಅನ್ನುತ್ತಾರೆ. ಅದು ಪೋರ್ಚುಗೀಸರ ಬಾಯಲ್ಲಿ ಬನಿಯಾನ್ ಆಯಿತು, ಅವರಿಂದ ಇಂಗ್ಲಿಷರಿಗೆ ಹೋಯಿತು. ಬೇರು ಸಂಸ್ಕೃತದ ವಣಿಜ. ನಮ್ಮ ಬಣಜಿಗ ಬಂದದ್ದೂ ಅಲ್ಲಿಂದಲೇ. ಐಹೊಳೆಯ ಐನೂರ್ವರು ಅನ್ನುವ ವರ್ತಕರ ದೊಡ್ಡ ಸಂಘ ಇತ್ತಲ್ಲ, ಅವರ ಶಾಸನಗಳಲ್ಲಿ 'ವೀರಬಣಂಜು ಧರ್ಮ' ಎಂದು ಬರುತ್ತದೆ. ಆ ಬಣಂಜೂ ನನ್ನ ಬೆನ್ನಿಗಂಟಿದ ಬನಿಯನ್ನೂ ದಾಯಾದಿಗಳು. ಅಣ್ಣನ ಮಗನಿಗೆ ಇದನ್ನು ಹೇಳಿದೆ, ಫೋನಿನಿಂದ ತಲೆ ಎತ್ತಲಿಲ್ಲ.

ಯುರೋಪಿನವರಿಗೆ ನಮ್ಮ ಜಾತಿ ಪಂಗಡ ಎಲ್ಲಿ ಗೊತ್ತಾಗಬೇಕು? ಸೂರತ್ತಿನಲ್ಲಿ ವ್ಯವಹಾರಕ್ಕೆ ಸಿಕ್ಕವರು ವಾಣಿಯರು. ಹಾಗಾಗಿ ಈ ಕರಾವಳಿಯ ಹಿಂದೂಗಳನ್ನೆಲ್ಲ ಸಾರಾಸಗಟಾಗಿ ಬನಿಯನ್ ಎಂದೇ ಬರೆದುಕೊಂಡರು. ಕೋಲ್ಕತ್ತಾದಲ್ಲಿ ಸಾಹೇಬರ ಹಣಕಾಸು ನೋಡಿಕೊಳ್ಳುತ್ತಿದ್ದ ಮಧ್ಯವರ್ತಿಯೂ ಬನಿಯನ್. ಇರಾನಿನ ಬಂದರ್ ಅಬ್ಬಾಸ್ ಹತ್ತಿರ ಒಂದು ಆಲದ ಮರದಡಿ ಈ ವ್ಯಾಪಾರಿಗಳು ಸಣ್ಣ ಗುಡಿ ಕಟ್ಟಿಕೊಂಡಿದ್ದರು. ಅಲ್ಲಿ ಹೋಗಿಬರುತ್ತಿದ್ದ ಯುರೋಪಿನವರು ಅದನ್ನು ಬನಿಯನ್ನರ ಮರ ಅಂದರು. ಆಮೇಲೆ ಜಗತ್ತಿನ ಆಲದ ಮರಗಳೆಲ್ಲ ಬನಿಯನ್ ಟ್ರೀ ಆದವು. ನಮ್ಮ ರಾಷ್ಟ್ರೀಯ ವೃಕ್ಷದ ಇಂಗ್ಲಿಷ್ ಹೆಸರು ಹುಟ್ಟಿದ್ದು ಇರಾನಿನ ಮರವೊಂದರ ಕೆಳಗೆ!

ಮುಂಬಯಿಯಲ್ಲಿ ಈ ಮರವೂ ಮನುಷ್ಯನೂ ಮತ್ತೆ ಒಟ್ಟಿಗೆ ಕೂತರು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 1850ರ ದಶಕದಲ್ಲಿ ಇಲ್ಲಿನ ಶೇರು ದಲ್ಲಾಳಿಗಳು ಸೇರುತ್ತಿದ್ದದ್ದು ಟೌನ್ ಹಾಲ್ ಎದುರಿನ ಆಲದ ಮರಗಳಡಿ, ಈಗ ಹಾರ್ನಿಮನ್ ಸರ್ಕಲ್ ಪಾರ್ಕ್ ಇರುವ ಜಾಗ. ಜನ ಜಾಸ್ತಿಯಾದ ಹಾಗೆ ಜಾಗ ಬದಲಾಯಿಸುತ್ತಾ 1874ರಲ್ಲಿ ದಲಾಲ್ ಸ್ಟ್ರೀಟಿಗೆ ಬಂದರು, ಮರುವರ್ಷ ಸಂಘ ಕಟ್ಟಿದರು. ಅದೇ ಇವತ್ತಿನ ಬಿಎಸ್‌ಇ, ಮುಂಬಯಿ ಶೇರುಪೇಟೆ. ಅದಕ್ಕೂ ಮೊದಲು, 1677ರಲ್ಲಿ, ದೀವ್‌ನ ನೀಮಾ ಪಾರಖ್ ಎಂಬ ವಾಣಿಯ ವರ್ತಕ ಮುಂಬಯಿಗೆ ಬಂದು ನೆಲೆಸಲು ಈಸ್ಟ್ ಇಂಡಿಯಾ ಕಂಪನಿಯ ಮುಂದೆ ಷರತ್ತುಗಳನ್ನು ಇಟ್ಟಿದ್ದ. ನಮ್ಮ ಧರ್ಮಕ್ಕೆ ತೊಂದರೆ ಕೊಡಬಾರದು, ನಮ್ಮ ಆವರಣದಲ್ಲಿ ಯಾರೂ ಪ್ರಾಣಿ ಕೊಲ್ಲಬಾರದು ಎನ್ನುವಂಥವು. ಊರು ಬೆಳೆಯಬೇಕಿತ್ತು, ದುಡ್ಡು ಬೇಕಿತ್ತು. ಕಂಪನಿ ಒಪ್ಪಿತು. ಸೊಸೈಟಿ ಮೀಟಿಂಗಿನಲ್ಲಿ ಮಾಂಸ ಮೀನಿನ ಜಗಳ ಇಂದು ನಿನ್ನೆಯದಲ್ಲ ಅಂತಾಯ್ತು, ಅಲ್ವಾ?

ಮಾಂಸದ ಮಾತು ಬಂತಲ್ಲ, ಇದನ್ನು ಕೇಳಿ. ವಾಣಿಯರು ಮಾಂಸ ಮುಟ್ಟುವುದಿಲ್ಲ ಎನ್ನುವುದು ಇಂಗ್ಲಿಷ್ ನಾವಿಕರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಬ್ರಿಟಿಷ್ ನೌಕಾಪಡೆಯಲ್ಲಿ ಮಾಂಸ ಕೊಡದ ದಿನಕ್ಕೆ 'ಬನಿಯನ್ ಡೇ' ಎಂದೇ ಹೆಸರು. 18ನೇ ಶತಮಾನದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಹಡಗಿನಲ್ಲಿ ಬಟಾಣಿ, ಓಟ್ಸ್ ಗಂಜಿ, ಬೆಣ್ಣೆ, ಚೀಸ್, ಅಷ್ಟೇ. ಆ ಪದ ಈಗಲೂ ಅವರ ನೌಕಾಪಡೆಯಲ್ಲಿದೆ. ಆದರೆ ಅರ್ಥ? ಹಡಗಿನವರು ದಡಕ್ಕಿಳಿದು ಬೀಚಿನಲ್ಲಿ ಮಾಂಸ ಸುಟ್ಟು ತಿಂದು ಬಿಯರ್ ಕುಡಿಯುವ ಪಾರ್ಟಿಗೆ ಬನಿಯನ್ ಅನ್ನುತ್ತಾರೆ! ನೀಮಾ ಪಾರಖನಿಗೆ ತೋರಿಸಬೇಕಿತ್ತು.

ಸರಿ, ಬಟ್ಟೆಗೆ ಬರೋಣ. 17, 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬನಿಯನ್ ಅಂದರೆ ಒಳಗೆ ಹಾಕುವ ತುಂಡುಬಟ್ಟೆಯಲ್ಲ. ಕಾಲಿನ ತನಕ ಇಳಿಯುವ ಸಡಿಲವಾದ ನಿಲುವಂಗಿ. ನಮ್ಮ ಕೋರಮಂಡಲ ಕರಾವಳಿಯ ಹೂವಿನ ಚಿತ್ರದ ಛೀಂಟು, ಇಲ್ಲವೇ ರೇಷ್ಮೆ. ಆಕಾರದಲ್ಲಿ ಜಪಾನಿನ ಕಿಮೋನೋದ ಹೋಲಿಕೆಯೂ ಇತ್ತು, ಅದು ಡಚ್ಚರ ಹಡಗಿನಲ್ಲಿ ಬಂದ ಫ್ಯಾಷನ್ನು. ಅಂದರೆ ಜಪಾನಿನ ಕಟ್ಟು, ಭಾರತದ ಬಟ್ಟೆ, ಗುಜರಾತಿ ವ್ಯಾಪಾರಿಯ ಹೆಸರು. ಸಾಹುಕಾರರು ಮನೆಯಲ್ಲಿ ವಿಗ್ ತೆಗೆದಿಟ್ಟು, ಬೋಳು ತಲೆಗೆ ಟೋಪಿ ಸಿಕ್ಕಿಸಿ, ಇದನ್ನು ಹಾಕಿಕೊಂಡು ಓದುತ್ತಾ ಕೂರುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಡಾಕ್ಟರ್ ಬೆಂಜಮಿನ್ ರಶ್ ಅಂತೂ ಸಡಿಲ ಬಟ್ಟೆ ಹಾಕಿದರೆ ಬುದ್ಧಿ ಚೆನ್ನಾಗಿ ಓಡುತ್ತದೆ ಎಂದು ವಾದಿಸಿದ್ದ. ಭಾನುವಾರ ಬೆಳಿಗ್ಗೆ ಲುಂಗಿ ಬನಿಯನ್ನಿನಲ್ಲಿ ಪೇಪರ್ ಹಿಡಿದು ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸುವ ನಮ್ಮ ಬಿಲ್ಡಿಂಗಿನ ಹಿರಿಯರನ್ನು ನೋಡಿದರೆ ಡಾಕ್ಟರ ಮಾತು ಸುಳ್ಳಲ್ಲ ಅನಿಸುತ್ತದೆ.

ಇಂಥ ನಿಲುವಂಗಿಗೆ ಎಷ್ಟು ಗತ್ತಿತ್ತು ಅಂದರೆ, ದಿನಚರಿಯಿಂದಲೇ ಹೆಸರಾದ ಲಂಡನ್ನಿನ ಸ್ಯಾಮ್ಯುಯೆಲ್ ಪೆಪೀಸ್ 1666ರಲ್ಲಿ ತನ್ನ ಚಿತ್ರ ಬರೆಸಿಕೊಳ್ಳುವುದಕ್ಕೆ 'ಇಂಡಿಯನ್ ಗೌನ್' ಒಂದನ್ನು ಬಾಡಿಗೆಗೆ ತಂದ. ಅವನೇ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಚಿತ್ರ ಈಗಲೂ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಕೈಯಲ್ಲಿ ಸಂಗೀತದ ಹಾಳೆ, ಹೆಗಲ ಮೇಲೆ ಬಾಡಿಗೆಯ ಕಂದು ಅಂಗಿ. ಮದುವೆಗೆ ಕೋಟು ಬಾಡಿಗೆ ತರುವವರನ್ನು ಆಡಿಕೊಳ್ಳುವವರು ಇದನ್ನೊಮ್ಮೆ ನೋಡಲಿ.

ಅದೇ 1666ರ ಅಕ್ಟೋಬರಿನಲ್ಲಿ, ಲಂಡನ್ ಸುಟ್ಟು ಬೂದಿಯಾದ ಮರುತಿಂಗಳೇ, ಎರಡನೇ ಚಾರ್ಲ್ಸ್ ದೊರೆ ಇನ್ನು ಮುಂದೆ ತಾನು ಹೊಸ ಉಡುಪು ತೊಡುವುದಾಗಿ ಸಾರಿದ. ಆ ಉಡುಪೇ ವೆಸ್ಟ್! ಇದನ್ನೂ ದಾಖಲಿಸಿದವನು ಪೆಪೀಸ್. ಆಗ ಅದು ಮೊಣಕಾಲಿನವರೆಗೆ ಬರುವ, ಕೋಟಿನೊಳಗಿನ ಉದ್ದಂಗಿ. ಪದ ಲ್ಯಾಟಿನ್ನಿನದು, ಬಟ್ಟೆ ಎಂದಷ್ಟೇ ಅರ್ಥ. ಮಾದರಿ ಎಲ್ಲಿಯದು? ದೊರೆಯನ್ನು ಕಣ್ಣಾರೆ ಕಂಡ ಇನ್ನೊಬ್ಬ ದಿನಚರಿಕಾರ ಜಾನ್ ಈವ್ಲಿನ್ ಅದನ್ನು ಪರ್ಷಿಯಾದ ಶೈಲಿ ಎಂದು ಬರೆದಿದ್ದಾನೆ. ನೋಡಿ, ಬನಿಯನ್ ಲೋಕಲ್, ವೆಸ್ಟ್ ಪಕ್ಕಾ ಇಂಗ್ಲಿಷ್ ಅಂತ ಅಂದುಕೊಂಡಿದ್ದೀರಲ್ಲ, ಎರಡೂ ಪೂರ್ವದ ಉಡುಪನ್ನು ನೋಡಿ ಹೊಲಿಸಿಕೊಂಡವೇ. ಆಮೇಲೆ ಆ ಉದ್ದಂಗಿ ಸೊಂಟಕ್ಕೆ ಏರಿತು. ಅಮೆರಿಕದವರು ಇವತ್ತಿಗೂ ವೆಸ್ಟ್ ಅಂದರೆ ಸೂಟಿನೊಳಗಿನ ಗುಂಡಿ ಹಾಕುವ ವೇಸ್ಟ್‌ಕೋಟ್ ಎಂದೇ ತಿಳಿಯುತ್ತಾರೆ. ಬ್ರಿಟನ್ನಿನಲ್ಲಿ ವೆಸ್ಟ್ ಅಂದರೆ ನಮ್ಮ ಬನಿಯನ್. ಅಣ್ಣನ ಮಗ ಅವನ ಅಮೆರಿಕದ ಬಾಸ್ ಎದುರು ಮನೆಯಲ್ಲಿ ಬರೀ ವೆಸ್ಟ್ ಹಾಕುತ್ತೇನೆ ಅಂದರೆ ಆ ಮನುಷ್ಯ ಏನೆಂದು ಕಲ್ಪಿಸಿಕೊಂಡಾನು!

ಅಂದ ಹಾಗೆ, ಈ ಚಾರ್ಲ್ಸ್ ದೊರೆಗೇ ಮುಂಬಯಿ ವರದಕ್ಷಿಣೆಯಾಗಿ ಬಂದದ್ದು. 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ. ಈಗ ಇಲ್ಲಿ 10 ಪೌಂಡಿಗೆ ಮಾಲಿನ ವೆಸ್ಟ್ ಒಂದೆರಡು ಸಿಗಬಹುದು, ಬಾಡಿಗೆಗೆ ಬಾತ್‌ರೂಮೂ ಸಿಗುವುದಿಲ್ಲ.

ನಿಲುವಂಗಿ ಒಳಂಗಿ ಆದದ್ದು ಭಾರತದಲ್ಲೇ. ಇಲ್ಲಿನ ಸೆಕೆಗೆ ಸಾಹೇಬರು ಮೈಗಂಟುವ ತೆಳು ಮಸ್ಲಿನ್ ಅಂಗಿ ತೊಡತೊಡಗಿದರು, ಅದಕ್ಕೂ ಹಳೆಯ ಹೆಸರನ್ನೇ ಇಟ್ಟರು. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟು ಬನಿಯನ್ ಅಂದರೆ ಒಳಂಗಿ, ಮೊದಲು ಮಸ್ಲಿನ್ನಿನದು, ಈಗ ಹಿಗ್ಗುವ ಹತ್ತಿ, ಉಣ್ಣೆ ಅಥವಾ ರೇಷ್ಮೆಯ ಹೆಣಿಗೆಯದು ಎಂದು ಹೇಳುತ್ತದೆ. ಸಾಹೇಬರ ಮೈಯಿಂದ ಅದು ನಮ್ಮ ಮೈಗೆ ಬಂತು, ಇಂಗ್ಲಿಷ್ ಪದ ಅಂದುಕೊಂಡೇ ನಾವದನ್ನು ತೊಟ್ಟೆವು. ಕದ್ದವರು ಯಾರು, ಕಳೆದುಕೊಂಡವರು ಯಾರು, ಹೇಳಿ ನೋಡೋಣ. ಇಂಗ್ಲೆಂಡಿನಲ್ಲಿ ಆ ನಿಲುವಂಗಿ ಮ್ಯೂಸಿಯಂ ಸೇರಿತು. ಇಲ್ಲಿ ತಿರುಪ್ಪೂರು ಅನ್ನುವ ಇಡೀ ಊರೇ ಬನಿಯನ್ ಊರು ಎಂದು ಹೆಸರು ಮಾಡಿತು. ಗ್ಯಾರೇಜಿನವರು ಎಣ್ಣೆ ಕೈ ಒರೆಸಲು ಕಿಲೋ ಲೆಕ್ಕದಲ್ಲಿ ತರುವ ಚೂರು ಬಟ್ಟೆಗೂ ಬನಿಯನ್ ವೇಸ್ಟ್ ಎಂದೇ ಹೆಸರು.

ನಿಜ ಹೇಳಬೇಕೆಂದರೆ ಅಂಗಡಿಯವರಿಗೆ ಈ ಜಗಳವೇ ಇಲ್ಲ. ದಾದರಿನ ಹೋಲ್‌ಸೇಲ್ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತವನು ಬನಿಯನ್ನೋ ವೆಸ್ಟೋ ಎಂದು ಕೇಳುವುದಿಲ್ಲ. "ಆರೆನ್ ಕೀ ಆರೆನೆಸ್?" ಅಂತಾನೆ. ತೋಳಿಲ್ಲದ್ದು ಆರ್‌ಎನ್, ತೋಳಿರುವುದು ಆರ್‌ಎನ್‌ಎಸ್. "ಆರೆನ್ ತೊಂಬತ್ತು, ಎರಡು ಕೊಡಿ" ಅಂದರೆ ಆಯಿತು. ತೊಂಬತ್ತು ಅಂದರೆ ಎದೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ನನ್ನದು ಈಗ ನೂರು ದಾಟಿದೆ, ಆ ಮಾತು ಬೇಡ.

ನನಗೆ ತಕರಾರು ಇರುವುದು ಒಂದೇ ಹೆಸರಿನ ಮೇಲೆ. ಗಂಜಿ. ನಮ್ಮ ಕುಂದಾಪುರದ ಕಡೆಯಿಂದ ಬಂದವರಿಗೆ ಗಂಜಿ ಅಂದರೆ ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ. ಅಪ್ಪಯ್ಯ ಹುಡುಗನಾಗಿದ್ದಾಗ ಮುಂಬಯಿಗೆ ಬಂದು ಫೋರ್ಟ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ರೂಮಿನಲ್ಲಿ ಜೊತೆಗಿದ್ದ ಬಿಹಾರದ ಹುಡುಗ ಒಂದು ಬೆಳಿಗ್ಗೆ "ಮೇರಾ ಗಂಜಿ ಕಿಸ್ನೇ ಲಿಯಾ?" (ನನ್ನ ಗಂಜಿ ಯಾರು ತಗೊಂಡ್ರು?) ಎಂದು ಬೊಬ್ಬೆ ಹೊಡೆದನಂತೆ. ಇವರು ಬಹಳ ಸಂಕಟದಿಂದ, ರಾತ್ರಿ ಪಾತ್ರೆಯಲ್ಲಿ ಉಳಿದದ್ದನ್ನು ನಾನೇ ಕುಡಿದೆ ಅಂದರಂತೆ. ಆ ಗಂಜಿ ಬೇರೆ, ಹುಡುಗ ಹುಡುಕುತ್ತಿದ್ದದ್ದು ಬನಿಯನ್. ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪದ ಮೀನುಗಾರರು ಹಾಕುತ್ತಿದ್ದ ಹೆಣಿಗೆಯ ಉಣ್ಣೆ ಅಂಗಿಗೆ ಗರ್ನ್ಸಿ ಫ್ರಾಕ್ ಎಂದು ಹೆಸರು. ಅದು ಸವೆದು ಬಂಗಾಳಿಯಲ್ಲಿ ಗೆಂಜಿ, ಹಿಂದಿಯಲ್ಲಿ ಗಂಜಿ. ಮರಾಠಿಯವರು ಗಂಜಿಫ್ರಾಕ್ ಎಂದು ಬಾಲವನ್ನೂ ಉಳಿಸಿಕೊಂಡರು, ಗಿರ್ಗಾಂವಿನ ಹಳೆಯ ಚಾಳುಗಳಲ್ಲಿ ಅದೇ ಮಾತು. ಕನ್ನಡದಲ್ಲೂ ಹಳಬರು ಗಂಜಿಫ್ರಾಕು ಅನ್ನುತ್ತಿದ್ದರು. ಪಕ್ಕದ ದ್ವೀಪ ಜರ್ಸಿ. ಅದು ಕ್ರಿಕೆಟಿನವರ ಬೆನ್ನಿಗೂ ಬಂತು, ಹಸುವಾಗಿ ನಮ್ಮೂರಿನ ಹಟ್ಟಿಗೂ ಬಂತು.

ಆಸ್ಟ್ರೇಲಿಯಾದ ಫುಟ್‌ಬಾಲಿನವರಂತೂ ಆಟದ ಅಂಗಿಗೆ ಈಗಲೂ ಗರ್ನ್ಸಿ ಅನ್ನುತ್ತಾರೆ. ತಂಡದಲ್ಲಿ ಜಾಗ ಸಿಕ್ಕರೆ 'ಗರ್ನ್ಸಿ ಸಿಕ್ಕಿತು' ಎಂದು ಹೇಳುವ ರೂಢಿ. ಅಪ್ಪಯ್ಯನ ಆ ಹೋಟೆಲ್ ರೂಮಿನಲ್ಲಿ ಒಂದೇ ಹಗ್ಗಕ್ಕೆ ಎಲ್ಲರ ಬನಿಯನ್ನುಗಳೂ ಒಣಗುತ್ತಿದ್ದವಂತೆ. ಮಳೆಗಾಲದಲ್ಲಿ ಒಣಗಿದ ಗರ್ನ್ಸಿ ಸಿಗುತ್ತಿದ್ದದ್ದು ಮೊದಲು ಎದ್ದವನಿಗೆ.