ಮುಖದ ನೋವು ಅಂದ್ರೆ ಮೊದಲು ಏನು ಕೇಳ್ಬೇಕು?

ಮುಖದ ಒಂದು ಪಕ್ಕಕ್ಕೆ ಕರೆಂಟ್ ಹೊಡೆದ ಹಾಗೆ ಬರೋ ನೋವಿಟ್ಕೊಂಡು ನಾನು ಭಾರತ, ಇಂಗ್ಲೆಂಡ್ ಎರಡೂ ದೇಶದ ಡಾಕ್ಟರುಗಳ ಹತ್ರ ಅಲೆದಿದೀನಿ. ಊರಲ್ಲಾದ್ರೆ ಸ್ಪೆಷಲಿಸ್ಟನ್ನ ನೇರವಾಗಿ ನೋಡ್ಬಹುದು, ದುಡ್ಡಿದ್ರೆ ಎಂಆರ್‌ಐ ಕೂಡ ಬೇಗ ಆಗತ್ತೆ. ಇಲ್ಲಿ ಇಂಗ್ಲೆಂಡಲ್ಲಿ ಮೊದಲು ಜಿಪಿ, ಅಂದ್ರೆ ನಮ್ಮ ಸಾಮಾನ್ಯ ಡಾಕ್ಟರನ್ನ ನೋಡ್ಬೇಕು, ಅವರು ಬರೆದು ಕಳಿಸ್ಬೇಕು, ಆಮೇಲೆ ನಮ್ಮ ಸರದಿ ಬರೋ ತನಕ ಕಾಯ್ಬೇಕು, ಹಲ್ಲುಜ್ಜೋಕೂ ಹೆದರೋ ಸ್ಥಿತೀಲಿ ಇರೋರಿಗೆ ಆ ಕಾಯೋದು ನಿಜಕ್ಕೂ ಹಿಂಸೆ.

ಆದ್ರೂ ನಾನು ಕಂಡಂತೆ ಇಲ್ಲಿನ ಒಂದು ಪದ್ಧತಿ ನಮ್ಮಲ್ಲೂ ಬರ್ಲೇಬೇಕು. ನೋವಿನ ಬಗ್ಗೆನೇ ಕೂತು ಕೇಳ್ತಾರೆ. ಎಷ್ಟು ಸೆಕೆಂಡ್ ಇರತ್ತೆ, ಗಾಳಿ ತಾಗಿದ್ರೆ ಬರತ್ತಾ, ಮಾತಾಡಿದ್ರೆ ಬರತ್ತಾ, ಮಧ್ಯೆ ಪೂರ್ತಿ ಹೋಗತ್ತಾ ಇಲ್ಲ ಮಂದವಾಗಿ ಉಳಿಯತ್ತಾ, ದಿನಾ ಬರೆದಿಟ್ಕೊಂಡು ಬನ್ನಿ ಅಂತಾರೆ. ನಿದ್ದೆ, ಮನಸ್ಸು ಹೇಗಿದೆ ಅಂತಾನೂ ಕೇಳ್ತಾರೆ, ಅದರರ್ಥ ನೋವು ಸುಳ್ಳು ಅಂತಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಮುಖದ ನೋವು ಒಂದೇ ಕಾಯಿಲೆ ಅಲ್ಲ. ಟ್ರೈಜೆಮಿನಲ್ ನ್ಯೂರಾಲ್ಜಿಯಾದಲ್ಲಿ ಮೆದುಳಿಂದ ಮುಖಕ್ಕೆ ಬರೋ ಐದನೇ ನರದ ದಾರೀಲಿ ಕೆಲವು ಸೆಕೆಂಡಿಂದ ಎರಡು ನಿಮಿಷದವರೆಗೆ ಚುಳುಕ್ ಅಂತ ಹೊಡೀತದೆ, ಅದಕ್ಕೆ ಮಾಮೂಲಿ ಪೇನ್‌ಕಿಲ್ಲರ್ ಹೆಚ್ಚುಕಡಿಮೆ ಏನೂ ಮಾಡಲ್ಲ. ಮೂರ್ಛೆ ರೋಗಕ್ಕೆ ಕೊಡೋ ಕಾರ್ಬಮಜೆಪಿನ್ 1960ರ ದಶಕದಿಂದ ಇದಕ್ಕೂ ಬಳಕೇಲಿದೆ, ಈಗಲೂ ಮೊದಲು ಕೊಡೋದು ಅದನ್ನೇ. ದಿನವಿಡೀ ಒಂದೇ ಸಮ ನೋಯ್ತಾ ಇದ್ದು ಸ್ಕ್ಯಾನಲ್ಲಿ ಏನೂ ಕಾಣದೇ ಇರೋದು ಬೇರೆ, ಅದಕ್ಕೆ ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲಿನ್ ಥರದ್ದನ್ನ ಕಮ್ಮಿ ಡೋಸಲ್ಲಿ ಕೊಟ್ಟು ನೋಡ್ತಾರೆ, ಆಪರೇಷನ್ ಅಂತ ಕುಯ್ಯೋದ್ರಿಂದ ಈ ನೋವು ಜಾಸ್ತಿನೂ ಆಗ್ಬಹುದು. ದವಡೆ ಕೀಲಿನ ನೋವು ಮತ್ತೊಂದು. ಇದನ್ನ ಬೇರ್ಪಡಿಸದೇ ಮಾತ್ರೆ ಮೇಲೆ ಮಾತ್ರೆ ಬರೆದ್ರೆ ಪ್ರಯೋಜನ ಇಲ್ಲ.

ಇನ್ನೊಂದು ಸಿಟ್ಟು ನನಗೆ ಹಲ್ಲಿನ ವಿಷಯದಲ್ಲಿದೆ. ನೋವು ಹಲ್ಲಲ್ಲೇ ಇದೆ ಅನ್ಸತ್ತೆ, ಹಾಗಾಗಿ ಎಲ್ಲ ಕಡೆ ಜನ ಮೊದಲು ಹೋಗೋದು ಡೆಂಟಿಸ್ಟ್ ಹತ್ರ, ಅದು ಸರಿನೇ, ಹಲ್ಲಲ್ಲೇ ತೊಂದರೆ ಇರ್ಬಹುದು. ಆದ್ರೆ ಎಕ್ಸ್‌ರೇ ಚೆನ್ನಾಗಿದ್ರೂ ನನಗೆ ರೂಟ್ ಕೆನಾಲ್ ಮಾಡಿದ್ರು, ಆಮೇಲೆ ಆ ಹಲ್ಲನ್ನೇ ಕಿತ್ರು, ನೋವು ಇದ್ದಲ್ಲೇ ಇತ್ತು. ಎಕ್ಸ್‌ರೇಲಿ ಏನೂ ಇಲ್ಲ ಅಂದ್ಮೇಲೆ ಇಕ್ಕಳ ಕೆಳಗಿಟ್ಟು ನರದ ಡಾಕ್ಟರಿಗೆ ಚೀಟಿ ಬರೀಬೇಕು.

ನಮ್ಮವರು ಎಲ್ಲಿದ್ರೂ ಕೇಳ್ಲೇಬೇಕಾದ್ದು ಒಂದಿದೆ. ಏಷ್ಯಾ ಮೂಲದ ಕೆಲವರಲ್ಲಿ ಎಚ್‌ಎಲ್‌ಎ-ಬಿ 1502 ಅನ್ನೋ ಜೀನ್ ರೂಪ ಇರತ್ತೆ, ಅಂಥವರಿಗೆ ಕಾರ್ಬಮಜೆಪಿನಿಂದ ಚರ್ಮ ಸುಲಿದು ಬರೋ ಗಂಭೀರ ರಿಯಾಕ್ಷನ್ ಆಗೋ ಅಪಾಯ ಜಾಸ್ತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಇದರ ಟೆಸ್ಟ್ ಬಗ್ಗೆ ಎಚ್ಚರಿಸಿತ್ತು. ಶುರು ಮಾಡೋಕ್ ಮುಂಚೆ ಈ ರಕ್ತಪರೀಕ್ಷೆ ಬೇಕಾ ಅಂತ ನೀವೇ ಕೇಳಿ, ರಕ್ತದಲ್ಲಿ ಸೋಡಿಯಂ ಎಷ್ಟಿದೆ ಅಂತಾನೂ ನೋಡಿಸ್ತಿರಿ, ಮೈಮೇಲೆ ದದ್ದು ಎದ್ರೆ ಅವತ್ತೇ ಡಾಕ್ಟರಿಗೆ ತಿಳಿಸಿ, ನಿಮ್ಮಷ್ಟಕ್ಕೆ ನೀವೇ ಡೋಸ್ ಏರಿಸೋದು ಇಳಿಸೋದು ಬೇಡ.

ಟ್ರೈಜೆಮಿನಲ್ ನ್ಯೂರಾಲ್ಜಿಯಾಕ್ಕೆ ಮಾತ್ರೆ ಕೈಕೊಟ್ರೆ ಆಪರೇಷನ್ ಇದೆ, ರಕ್ತನಾಳ ನರನ ಒತ್ತುತಿದ್ರೆ ಎರಡನ್ನೂ ಬೇರೆ ಮಾಡಿ ಮಧ್ಯೆ ಚಿಕ್ಕ ಪ್ಯಾಡ್ ಇಡ್ತಾರೆ, ಬಹಳಷ್ಟು ಜನಕ್ಕೆ ವರ್ಷಗಟ್ಟಲೆ ಆರಾಮ ಸಿಗತ್ತೆ. ಆದ್ರೆ ತಲೆಬುರುಡೆ ತೆರೆಯೋ ಆಪರೇಷನ್ ಅದು, ಆ ಕಡೆ ಕಿವಿ ಕೇಳಿಸದೇ ಹೋಗೋ ಅಪಾಯನೂ ಇದೆ. ಇಂಥದ್ದನ್ನ ಎಷ್ಟು ಮಾಡಿದೀರಾ ಅಂತ ಸರ್ಜನ್‌ನ ಕೇಳೋಕೆ ಸಂಕೋಚ ಪಡ್ಬೇಡಿ, ನೋವು ಬರೆದಿಟ್ಟ ಪುಸ್ತಕನೂ ಅವರ ಮುಂದಿಡಿ.