8 ಜನ ಸಿಗುವುದಿಲ್ಲ ಟೀಚರ್

"ಮಕ್ಕಳ ತಮಾಷೆ ಉತ್ತರಗಳು" ಅಂತ ವಾಟ್ಸಾಪ್‌ನಲ್ಲಿ ಆಗಾಗ ಒಂದು ಫಾರ್ವರ್ಡ್ ಬರುತ್ತದಲ್ವಾ, ಅದರಲ್ಲಿ ಮುಕ್ಕಾಲು ಪಾಲು ದೊಡ್ಡವರೇ ಕೂತು ಹೆಣೆದದ್ದು. ಓದಿದ ಕೂಡಲೇ ಗೊತ್ತಾಗುತ್ತದೆ. ಮೂರನೇ ಕ್ಲಾಸಿನ ಹುಡುಗ ಹೆಂಡತಿ ಬಗ್ಗೆ, ಎಲೆಕ್ಷನ್ ಬಗ್ಗೆ ಜೋಕ್ ಬರೆಯುತ್ತಾನಾ? ಮಕ್ಕಳು ನಿಜವಾಗಿ ಬರೆಯುವಾಗ ನಗಿಸಬೇಕು ಅನ್ನುವ ಯೋಚನೆಯೇ ಇರುವುದಿಲ್ಲ. ತಮಗೆ ಗೊತ್ತಿದ್ದದ್ದನ್ನು ಭಾರೀ ಗಂಭೀರವಾಗಿ ಬರೆದಿರುತ್ತಾರೆ. ನಗು ಬರುವುದು ನಮಗೆ.

ನನ್ನ ಗೆಳತಿಯೊಬ್ಬಳು ಹೊಸನಗರ ತಾಲೂಕಿನಲ್ಲಿ ಟೀಚರ್. ಅವಳ ಹತ್ತಿರ ಇಂಥವು ರಾಶಿ ಇವೆ. "ಮಳೆ ಯಾವಾಗ ಬರುತ್ತದೆ?" ಅಂತ ಹೋಂವರ್ಕ್. ಜೂನ್‌ನಿಂದ ಸೆಪ್ಟೆಂಬರ್ ಅಂತ ಬರೆಯಬೇಕು. ಒಬ್ಬ ಬರೆದದ್ದು: "ಅಪ್ಪ ಮದ್ದು ಹೊಡೆಸಿದ ದಿನ ಬರುತ್ತದೆ." ತೋಟ ಇರುವವರಿಗೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯವರಿಗೆ ಹೇಳುವುದಾದರೆ, ಅಡಿಕೆಗೆ ಕೊಳೆರೋಗ ಬರಬಾರದು ಅಂತ ಮಳೆಗಾಲದ ಶುರುವಿನಲ್ಲೇ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಸುತ್ತೇವೆ, ಅದು ಕೊನೆಯ (ಅಡಿಕೆ ಗೊಂಚಲಿನ) ಮೇಲೆ ಒಣಗಿ ಕೂರಬೇಕಾದರೆ ಸ್ವಲ್ಪ ಹೊಳವು (ಮಳೆ ಬಿಡುವು) ಬೇಕು. ಆ ಹೊಳವು ಕಾದು, ಆಳು ಹೊಂದಿಸಿ, ಮರ ಹತ್ತಿಸಿದ ಮಧ್ಯಾಹ್ನವೇ ಧೋ ಅಂತ ಸುರಿಯುತ್ತದೆ. ಹುಡುಗ ಬರೆದದ್ದರಲ್ಲಿ ತಪ್ಪೇನಿದೆ ಹೇಳಿ.

ಇನ್ನೊಂದು ಲೆಕ್ಕ. ಒಂದು ತೋಟದ ಕೊಯ್ಲನ್ನು 4 ಜನ 6 ದಿನದಲ್ಲಿ ಮುಗಿಸಿದರೆ 8 ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಪುಸ್ತಕದ ಪ್ರಕಾರ 3 ದಿನ. ಒಬ್ಬಳು ಹುಡುಗಿ "8 ಜನ ಸಿಗುವುದಿಲ್ಲ ಟೀಚರ್" ಅಂತ ಬರೆದಿದ್ದಳು. ಗೆಳತಿ ಕೆಂಪು ಪೆನ್ನಲ್ಲಿ ಹೊಡೆದು ಹಾಕಲಿಲ್ಲ. ಕೆಳಗೆ "ಸಿಕ್ಕರೆ?" ಅಂತ ಬರೆದು ನೋಟ್‌ಬುಕ್ ವಾಪಸ್ ಕೊಟ್ಟಳು. ಮರುದಿನ ಉತ್ತರ ಬಂತು: "ಸಿಕ್ಕರೆ 3 ದಿನ. ಮರ ಹತ್ತುವವರು ಒಬ್ಬರೇ ಆದರೆ ಆಗಲೂ 6 ದಿನವೇ."

ಎಂಥಾ ಉತ್ತರ ನೋಡಿ. ಕೆಳಗೆ ಹೆಕ್ಕುವವರು ಎಷ್ಟೇ ಜನ ನಿಂತರೂ ಮೇಲಿನಿಂದ ಕೊನೆ ಇಳಿಯಬೇಕಲ್ಲ! ಜನ ಇಮ್ಮಡಿಯಾದರೆ ದಿನ ಅರ್ಧ ಅಂತ ಕಣ್ಣು ಮುಚ್ಚಿ ಭಾಗಿಸಿಕೊಂಡು ಪಾಸಾದವರು ನಾವು.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರ ಸುಮಾರಿಗೆ ಪ್ರೈಮರಿ ಮಕ್ಕಳಿಗೆ ಒಂದು ವಿಚಿತ್ರ ಲೆಕ್ಕ ಕೊಟ್ಟಿದ್ದರು. ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕ್ಯಾಪ್ಟನ್‌ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಆ ಅಂಕಿಗಳನ್ನೇ ಹಿಡಿದು ಒಂದು ವಯಸ್ಸು ಹೇಳಿಬಿಟ್ಟರು. ದಡ್ಡರು ಅಂತಲ್ಲ. ಟೀಚರ್ ಕೇಳಿದ್ದಾರೆ ಅಂದಮೇಲೆ ಉತ್ತರ ಇದ್ದೇ ಇರುತ್ತದೆ, ಅಂಕಿ ಕೊಟ್ಟಿದ್ದಾರೆ ಅಂದಮೇಲೆ ಕೂಡಲೇಬೇಕು ಅನ್ನುವುದು ಅವರಿಗೆ ಅಷ್ಟರಲ್ಲೇ ಅಭ್ಯಾಸವಾಗಿತ್ತು. ನಮ್ಮ ಹುಡುಗಿ ಪ್ರಶ್ನೆ ಓದಿದ್ದಾಳೆ, ಅಷ್ಟೇ ವ್ಯತ್ಯಾಸ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಾಗರ ತಾಲೂಕಿನ ಹುಡುಗನೊಬ್ಬನದು, ಶರಾವತಿ ಹಿನ್ನೀರಿನ ಆಚೆ ಕಡೆಯವನು. ಸ್ವಲ್ಪ ಹಳೇ ಕಥೆ. "ಅಣೆಕಟ್ಟಿನ ಎರಡು ಉಪಯೋಗ ಬರೆಯಿರಿ" ಅಂತ ಪ್ರಶ್ನೆ. ಅವನ ಉತ್ತರ: "1. ಬೆಂಗಳೂರಿಗೆ ಕರೆಂಟು. 2. ನಮಗೆ ಲಾಂಚು."

ಅರ್ಧ ಮಾರ್ಕ್ಸ್ ಕೊಟ್ಟರಂತೆ. ನಾನಾಗಿದ್ದರೆ ಪೂರ್ತಿ ಕೊಟ್ಟು ಸ್ಟಾಫ್ ರೂಮಿನ ಗೋಡೆಗೆ ಅಂಟಿಸುತ್ತಿದ್ದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಆ ಕಡೆ ಏನೇನಾಯಿತು, ಎಷ್ಟು ಊರು ಮುಳುಗಿದವು, ಉಳಿದವರು ಸಾಗರದ ಆಸ್ಪತ್ರೆಗೆ ಬರಬೇಕಾದರೂ ಹೇಗೆ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಾ ಕೂರಬೇಕಾಯಿತು ಅಂತ ನಾವು ಪುಟಗಟ್ಟಲೆ ಬರೆಯುತ್ತೇವೆ. ಅವನಿಗೆ ಎರಡು ಸಾಲು ಸಾಕಾಯಿತು. 2025ರ ಜುಲೈನಲ್ಲಿ ಆ ಹಿನ್ನೀರಿನ ಮೇಲೆ ಸೇತುವೆ ಓಡಾಟಕ್ಕೆ ತೆರೆಯಿತು, ಈಗಿನ ಮಕ್ಕಳು ಎರಡನೇ ಉಪಯೋಗಕ್ಕೆ ಬೇರೆ ಏನಾದರೂ ಹುಡುಕಬೇಕು.

ಇಂಥ ಉತ್ತರ ಈಗ ಕಡಿಮೆಯಾಗುತ್ತಿದೆ ಅನ್ನುತ್ತಾಳೆ ಗೆಳತಿ. ಎಲ್ಲರೂ ಟೀಚರ್‌ಗಳನ್ನೇ ಬೈಯುತ್ತಾರೆ, ಆದರೆ ಅವರ ಕೈಗೆ ಬರುವ ಮೊದಲೇ ಮನೆಯಲ್ಲಿ ರಬ್ಬರ್ ಬಿದ್ದಿರುತ್ತದೆ. ಹೋಂವರ್ಕ್ ಬರುವುದು ಅಮ್ಮನ ಮೊಬೈಲಿಗೆ. ಅಮ್ಮನೋ ಅಕ್ಕನೋ ಗೈಡ್ ನೋಡಿ ಹೇಳುತ್ತಾರೆ, ಮಗು ಬರೆಯುತ್ತದೆ. ಇಡೀ ಕ್ಲಾಸಿನದು ಒಂದೇ ಉತ್ತರ, ಕಾಗುಣಿತದ ತಪ್ಪೂ ಒಂದೇ. 2020ರ ಕೇಂದ್ರದ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಬೇಡ, ಸಂಜೆ ಮನೆಯಲ್ಲಿ ಏನು ಮಾಡಿದೆ ಅಂತ ಕ್ಲಾಸಿನಲ್ಲಿ ಮಾತಾಡಿಸಿ ಅಂತ ಇದೆ. ಯಾರು ಕೇಳುತ್ತಾರೆ ಬಿಡಿ.

ಪರೀಕ್ಷೆಗೆ ಕೀ ಉತ್ತರ ಬೇಕು, ಒಪ್ಪುತ್ತೇನೆ. ನಾಳೆ ಎಸ್ಸೆಸ್ಸೆಲ್ಸಿಯಲ್ಲಿ "8 ಜನ ಸಿಗುವುದಿಲ್ಲ" ಅಂತ ಬರೆದರೆ ಸೊನ್ನೆಯೇ. ಆದರೆ ನಾಲ್ಕನೇ ಕ್ಲಾಸಿನ ಹೋಂವರ್ಕಿಗೂ ಅದೇ ಹೆದರಿಕೆ ಯಾಕೆ? ಪಕ್ಕದಲ್ಲಿ ಸುಮ್ನೆ ಕೂತಿರಿ, ತಪ್ಪು ಬರೆದರೆ ಬರೆಯಲಿ.

ಅಂಥ ಉತ್ತರ ಸಿಕ್ಕಿದರೆ ಕಮೆಂಟಿನಲ್ಲಿ ಹಾಕಿ, ಆದರೆ ಮಗುವಿನ ಹೆಸರು, ಶಾಲೆ ಎರಡೂ ಮುಚ್ಚಿ ಫೋಟೋ ತೆಗೆಯಿರಿ. ಮೂರನೇ ಕ್ಲಾಸಿನಲ್ಲಿ ಬರೆದ ಒಂದು ಸಾಲನ್ನು ಹಿಡಿದು ಪಿಯುಸಿ ಮುಗಿಯುವವರೆಗೂ ಕಾಡಿಸುವ ಜನ ನಮ್ಮ ಕಡೆ ಜಾಸ್ತಿ.