ಬೋಂಡಾ ಮೇಲೊಂದು ಬೋರ್ಡು

ಮೈಯಿಳಿಸಲು ಎರಡೇ ದಾರಿ ಅಂತ ಇಷ್ಟು ದಿನ ನಂಬಿಕೊಂಡು ಕೂತಿದ್ದೆವು. ತಿನ್ನೋದು ಕಡಿಮೆ ಮಾಡಬೇಕು, ಮೈ ಬಗ್ಗಿಸೋದು ಜಾಸ್ತಿ ಮಾಡಬೇಕು. 2025ರ ಜೂನ್ 21ರಂದು, ಅಂದರೆ ಸರಿಯಾಗಿ ಯೋಗ ದಿನದಂದೇ, ಕೇಂದ್ರ ಆರೋಗ್ಯ ಸಚಿವಾಲಯ ಮೂರನೆಯ ದಾರಿ ತೋರಿಸಿತು. ಬೋರ್ಡ್ ಹಾಕೋದು.

ಎಲ್ಲ ಸಚಿವಾಲಯಗಳಿಗೂ ಒಂದು ಪತ್ರ ಹೋಯಿತು. ಕಚೇರಿಯ ಕ್ಯಾಂಟೀನು, ಲಾಬಿ, ಮೀಟಿಂಗ್ ರೂಮುಗಳಲ್ಲಿ 'ಎಣ್ಣೆ ಮತ್ತು ಸಕ್ಕರೆ ಬೋರ್ಡ್' ಹಾಕಿ, ಯಾವ ತಿಂಡಿಯಲ್ಲಿ ಎಷ್ಟು ಅಡಗಿದೆ ಅಂತ ಜನರಿಗೆ ತಿಳಿಸಿ ಎಂದು. ಅಷ್ಟಕ್ಕೇ ನಿಲ್ಲಲಿಲ್ಲ. ಲೆಟರ್‌ಹೆಡ್, ಕವರು, ನೋಟ್‌ಪ್ಯಾಡ್, ಫೋಲ್ಡರ್ ಎಲ್ಲದರ ಮೇಲೂ ಆರೋಗ್ಯದ ಸಂದೇಶ ಮುದ್ರಿಸಬೇಕಂತೆ. ಒಳ್ಳೆಯದೇ. ನಿಮ್ಮ ಪಿಂಚಣಿ ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಮೂರು ತಿಂಗಳು ತೆಗೆದುಕೊಂಡಿರುತ್ತದೆ. ಕೊನೆಗೊಂದು ದಿನ ಕವರ್ ಬರುತ್ತದೆ. ಅದರ ಮೇಲೆ 'ದಿನಾ ಚುರುಕಾಗಿ ನಡೆಯಿರಿ' ಅಂತ ಇರುತ್ತದೆ.

ಸುದ್ದಿ ಟೀವಿಗಳಿಗೆ ಸಿಕ್ಕಿದ್ದು ಜುಲೈನಲ್ಲಿ. ಸಿಗರೇಟ್ ಪ್ಯಾಕಿನ ಹಾಗೆ ಸಮೋಸ, ಜಿಲೇಬಿಗೂ ಎಚ್ಚರಿಕೆ ಬರುತ್ತದೆ ಎಂದು ಎರಡು ದಿನ ಕೂಗಾಡಿದರು. ದೇಶದ ಮಾನ ಸಮೋಸದ ಮೂರು ಮೂಲೆಗಳಲ್ಲಿ ಅಡಗಿದೆ ಅನ್ನುವ ಮಟ್ಟಿಗೆ ಚರ್ಚೆ ಹೋಯಿತು. ಜುಲೈ 15ಕ್ಕೆ ಸರ್ಕಾರದಿಂದ ಸ್ಪಷ್ಟನೆ ಬಂತು. ಯಾವ ವ್ಯಾಪಾರಿಯ ತಿಂಡಿಗೂ ಎಚ್ಚರಿಕೆ ಅಂಟಿಸಲು ಹೇಳಿಲ್ಲ, ಭಾರತೀಯ ತಿಂಡಿಗಳ ಮೇಲೆ ಕಣ್ಣಿಟ್ಟಿಲ್ಲ, ಇದು ಬರೀ ಸಲಹೆ ಎಂದು. ಎಣ್ಣೆ ಇದೆ, ಆದರೆ ಯಾವುದರಲ್ಲಿ ಅಂತ ಬೊಟ್ಟು ಮಾಡೋ ಹಾಗಿಲ್ಲ. ಇಂಥ ಬೋರ್ಡ್ ಬರೆಯುವ ಪೇಂಟರ್ ಪಾಡು ದೇವರಿಗೇ ಪ್ರೀತಿ.

ಆ ಬೋರ್ಡ್ ನಮ್ಮ ಯಾವುದೋ ಕಚೇರಿಗೆ ಬಂದು ಇಳಿದ ದಿನವನ್ನು ಸುಮ್ನೆ ಊಹಿಸಿಕೊಳ್ಳಿ.

"ಸಾರ್, ಬೋರ್ಡ್ ಬಂದಿದೆ. ಎಲ್ಲಿ ಹೊಡೀಲಿ?"

"ಕ್ಯಾಂಟೀನ್ ಗೋಡೆಗೆ ಹೊಡಿ."

"ಅಲ್ಲಿ ರೇಟ್ ಬೋರ್ಡ್ ಇದೆ ಸಾರ್."

"ಪಕ್ಕದಲ್ಲಿ?"

"ಪಕ್ಕದಲ್ಲಿ 'ಇಂದಿನ ವಿಶೇಷ' ಇದೆ. ಮಂಗಳೂರು ಬಜ್ಜಿ."

"ಹಂಗಾದ್ರೆ ಮೀಟಿಂಗ್ ರೂಮಿಗೆ ಹಾಕಪ್ಪ. ಹನ್ನೊಂದು ಗಂಟೆಗೆ ಬೊಜ್ಜಿನ ಬಗ್ಗೆ ಸಭೆ ಇದೆ, ಎಲ್ಲರೂ ನೋಡ್ತಾರೆ. ಅಂದ ಹಾಗೆ ಸಭೆಗೆ ಏನು ಹೇಳಿದೀಯ?"

"ಯಾವಾಗಿನ ಹಾಗೇ ಸಾರ್. ಕೇಸರಿಬಾತು, ಬೋಂಡಾ, ಕಾಫಿ."

"ಸಕ್ಕರೆ ಇಲ್ಲದ ಕಾಫಿ ಎರಡು ಹೇಳು. ಡಯಾಬಿಟೀಸ್ ಇರೋರು ಇದಾರೆ. ಅವರಿಗೆ ಬೇಕಾದ್ರೆ ಇನ್ನೊಂದು ಬೋಂಡಾ ಕೊಡು."

ನಗುವ ವಿಷಯವಲ್ಲ ಅನ್ನುವುದೂ ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇ 24, ಗಂಡಸರಲ್ಲಿ ಶೇ 22.9 ಜನರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ನಮ್ಮ ಮೈಯ ಒಂದು ವಿಶೇಷವೆಂದರೆ ಕೊಬ್ಬು ಮೊದಲು ಹೊಟ್ಟೆಗೇ ಬಂದು ಕೂರುತ್ತದೆ. ಅದಕ್ಕೇ ಇಲ್ಲಿನ ವೈದ್ಯರು ತೂಕದ ಯಂತ್ರದ ಜೊತೆಗೆ ಟೇಪನ್ನೂ ಹಿಡಿಯುತ್ತಾರೆ. ಗಂಡಸರ ಸೊಂಟದ ಸುತ್ತಳತೆ 90, ಹೆಂಗಸರದ್ದು 80 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ದೊರೆಗಳು ಕೈಗೆತ್ತಿಕೊಂಡಿದ್ದು ಮಾತ್ರ ಮೊಳೆ ಮತ್ತು ಸುತ್ತಿಗೆ.

ಎಣ್ಣೆಯ ಕತೆಯನ್ನೇ ನೋಡಿ. 2025ರ ಫೆಬ್ರುವರಿಯಲ್ಲಿ ಪ್ರಧಾನಿಯವರು ತಮ್ಮ ತಿಂಗಳ ರೇಡಿಯೊ ಮಾತಿನಲ್ಲಿ ಅಡುಗೆ ಎಣ್ಣೆ ಶೇ 10ರಷ್ಟು ಕಡಿಮೆ ಮಾಡಿ ಎಂದರು. ಮರುದಿನ ಈ ಮಾತನ್ನು ಹರಡಲಿ ಎಂದು ಹತ್ತು ಜನ ಗಣ್ಯರ ಹೆಸರು ಹೇಳಿದರು. ನಮ್ಮ ಕಡೆಯಿಂದ ಸುಧಾ ಮೂರ್ತಿ, ನಂದನ್ ನಿಲೇಕಣಿ ಇದ್ದರು. ಆ ಹತ್ತು ಜನ ತಲಾ ಹತ್ತು ಜನರನ್ನು ಹೆಸರಿಸಬೇಕು, ಆ ಹತ್ತು ಜನ ಮತ್ತೆ ಹತ್ತು ಜನರನ್ನು. ಹಿಂದೆ ಮನೆಗೆ ಪೋಸ್ಟ್ ಕಾರ್ಡ್ ಬರುತ್ತಿತ್ತಲ್ಲ, 'ಇದನ್ನು ಓದಿದವರು ಹತ್ತು ಜನಕ್ಕೆ ಬರೆಯಿರಿ, ಇಲ್ಲದಿದ್ದರೆ ಕೇಡು' ಅಂತ, ಥೇಟ್ ಹಾಗೆ. ಲೆಕ್ಕ ಹಾಕಿದರೆ ಒಂಬತ್ತನೇ ಸುತ್ತಿಗೆ ನೂರು ಕೋಟಿ ಜನ ಎಣ್ಣೆ ಬಿಟ್ಟಿರಬೇಕು. ಅದೇ ವರ್ಷ ಮೇ 30ಕ್ಕೆ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಆಮದು ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿದರು. ಎಣ್ಣೆ ಅಗ್ಗವಾಗಲಿ ಎಂದು. ಅದಾದ ಮೂರೇ ವಾರಕ್ಕೆ ಬೋರ್ಡಿನ ಪತ್ರ. ಬೆಲೆ ಇಳಿದರೆ ಬಡವರ ಮನೆಗೆ ಒಳ್ಳೆಯದೇ, ಅದಕ್ಕೆ ತಕರಾರಿಲ್ಲ. ಆದರೆ ಹತ್ತು ಅನ್ನುವ ಸಂಖ್ಯೆಯ ಮೇಲೆ ಇಷ್ಟು ಪ್ರೀತಿ ಇರುವ ಸರ್ಕಾರ ಬಲಗೈಯಲ್ಲಿ ಸೌಟು ಕಿತ್ತುಕೊಂಡು ಎಡಗೈಯಲ್ಲಿ ಡಬ್ಬ ಕೊಡುವುದನ್ನು ನೋಡಿದರೆ ಒಗ್ಗರಣೆಗೂ ಗೊಂದಲ ಆಗುತ್ತದೆ.

ಎಣಿಸುವ ಕೆಲಸ ಮಾತ್ರ ನಮ್ಮ ಪಾಲಿಗೆ ಬಂದಿದೆ. ಫೋನಿಗೊಂದು ಆಪ್ ಹಾಕಿಕೊಳ್ಳಿ, ತಿಂದಿದ್ದನ್ನೆಲ್ಲ ಬರೆದಿಡಿ, ಅಷ್ಟೇ ಅಲ್ವಾ ಅನ್ನುತ್ತಾರೆ. ಬರೆದಿಟ್ಟರೆ ಉಪಯೋಗ ಇಲ್ಲ ಅಂತಲ್ಲ. ಬರೆಯಬೇಕಲ್ಲ ಅನ್ನುವ ಸಂಕೋಚಕ್ಕೇ ಕೈ ನಾಲ್ಕನೇ ಬಿಸ್ಕತ್ತಿನ ಹತ್ತಿರ ಹೋಗಿ ವಾಪಸ್ ಬರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಮೊದಮೊದಲು ವಾರಕ್ಕೆ ಅರ್ಧ ಕಿಲೋ ಹತ್ತಿರ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಲೆಕ್ಕಕ್ಕೆ ಸಿಗದಿರುವುದು ನಮ್ಮ ಊಟ.

ಮುದ್ದೆ ತಿಂದೆ ಅನ್ನಿ. 'ಎಷ್ಟು ಕಪ್?' ಎಂದು ಆಪ್ ಕೇಳುತ್ತದೆ. ಮುದ್ದೆಯನ್ನು ಕಪ್ಪಿನಲ್ಲಿ ಅಳೆದವರನ್ನು ಮಂಡ್ಯದಲ್ಲಿ ಊರೊಳಗೆ ಬಿಟ್ಟುಕೊಳ್ಳುವುದು ಕಷ್ಟ. ಸರಿ, 'ಒಂದು' ಅಂತ ಒತ್ತಿ. ಯಾವ ಒಂದು? ಗದ್ದೆ ಉತ್ತು ಬಂದವರಿಗೆ ಅತ್ತಿಗೆ ಕಟ್ಟಿ ಹಾಕುವ ಒಂದೋ, ಬೆಂಗಳೂರಿನ ಹೋಟೆಲಿನಲ್ಲಿ ತಟ್ಟೆಯ ಮೂಲೆಯಲ್ಲಿ ನಾಚಿಕೊಂಡು ಕೂತಿರುವ ಮಿನಿ ಮುದ್ದೆಯೋ? ಎರಡಕ್ಕೂ ಆಪ್ ಕೊಡುವುದು ಒಂದೇ ಅಂಕಿ. ಬಸ್ಸಾರು ಅಂತ ಹುಡುಕಿದರೆ ಬಾಸ್ ಮೀನು ತೋರಿಸಿದರೂ ಆಶ್ಚರ್ಯವಿಲ್ಲ. ಮಸ್ಸೊಪ್ಪು, ಉಪ್ಸಾರು, ಮಜ್ಜಿಗೆಹುಳಿಗೆ ಹೋಗಲೇಬೇಡಿ. ಕೊನೆಗೆ ಬೇಸತ್ತು 'ವೆಜಿಟಬಲ್ ಸೂಪ್' ಎಂದು ಒತ್ತುತ್ತೀರಿ. ಅಲ್ಲಿಗೆ ತೆಂಗಿನಕಾಯಿ ಲೆಕ್ಕದಿಂದ ಮಾಯ.

ಅಸಲಿ ಪ್ರಶ್ನೆ ಇರುವುದು ಒಗ್ಗರಣೆಯಲ್ಲಿ. ಅಕ್ಕಿ, ಸಕ್ಕರೆ, ಬೇಳೆಯ ಸತ್ವ ಎಲ್ಲಕ್ಕೂ ಗ್ರಾಮಿಗೆ 4 ಕ್ಯಾಲೊರಿಯ ಆಸುಪಾಸು. ಎಣ್ಣೆ, ತುಪ್ಪಕ್ಕೆ 9. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120. ಅದನ್ನು ಕರಗಿಸಲು ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಆದ್ದರಿಂದ ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ ಎನ್ನುತ್ತಾರೆ ತಜ್ಞರು. ಕೇಳಿ ನೋಡಿ.

"ಅಮ್ಮಾ, ಪಲ್ಯಕ್ಕೆ ಎಷ್ಟು ಎಣ್ಣೆ ಹಾಕಿದೆ?"

"ಹಾಕೋವಷ್ಟು ಹಾಕಿದೀನಿ ಕಣೋ."

"ಗ್ರಾಂ ಲೆಕ್ಕದಲ್ಲಿ ಹೇಳಮ್ಮ."

"ನಿಮ್ಮಪ್ಪ ನಲವತ್ತು ವರ್ಷ ಉಂಡರು. ಒಂದು ದಿನ ಲೆಕ್ಕ ಕೇಳಲಿಲ್ಲ. ಫೋನ್ ಕೆಳಗಿಟ್ಟು ಉಣ್ಣು, ಆರೋಗುತ್ತೆ."

ಮನೆಯಲ್ಲಿ ಬೇಡ, ಹೊರಗೆ ತಿಂದರೆ ಅಂಕಿ ಸಿಗುತ್ತದಾ? ಸಿಗುತ್ತದೆ, ಆದರೆ ಷರತ್ತು ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ಕೇಂದ್ರದ ಪರವಾನಗಿ ಇರುವ, ಇಲ್ಲವೇ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಅಂಗಡಿ ಇಟ್ಟಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಹಾಕಬೇಕು. ಅಂದರೆ ಒಂಬತ್ತು ಅಂಗಡಿ ಇರುವವರೆಗೂ ಬೆಣ್ಣೆ ದೋಸೆಯಲ್ಲಿ ಕ್ಯಾಲೊರಿ ಇರುವುದಿಲ್ಲ. ಹತ್ತನೆಯದಕ್ಕೆ ರಿಬ್ಬನ್ ಕತ್ತರಿಸಿದ ದಿನ ಒಮ್ಮೆಗೇ ಹುಟ್ಟುತ್ತದೆ. ಅದಕ್ಕೇ ಏನೋ, ಗಾಜಿನ ಬಾಗಿಲಿನ ಕಾಫಿ ಅಂಗಡಿಯಲ್ಲಿ ಮಫಿನ್ ಪಕ್ಕ ಅಂಕಿ ನೋಡಿ ಗಾಬರಿಯಾದವರು ಸೀದಾ ಎದುರಿನ ದರ್ಶಿನಿಗೆ ಬರುತ್ತಾರೆ. ಅಲ್ಲಿ ಖಾರಾಬಾತಿಗೆ ಅಂಕಿ ಇಲ್ಲ. ಅಂಕಿ ಇಲ್ಲದ್ದು ಆರೋಗ್ಯಕ್ಕೆ ಒಳ್ಳೆಯದು. ನಿಂತು ತಿನ್ನುತ್ತೇವೆ ಬೇರೆ, ಅದೂ ವ್ಯಾಯಾಮವೇ.

ಇನ್ನು ಪ್ಯಾಕೆಟ್ಟಿನ ತಿಂಡಿ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲ ಇದೆ, ಇಲ್ಲ ಅನ್ನುವ ಹಾಗಿಲ್ಲ. ಮುಂಬದಿಯಲ್ಲಿ ದಪ್ಪಗೆ ಹಾಕಿಸುವ ಮಾತು ಬಂದಾಗ ಎಲ್ಲರಿಗೂ ಕೆಮ್ಮು ಬರುತ್ತದೆ. ಚಿಲಿ ದೇಶದವರು 2016ರಲ್ಲೇ 'ಸಕ್ಕರೆ ಜಾಸ್ತಿ', 'ಉಪ್ಪು ಜಾಸ್ತಿ' ಎಂದು ಎಂಟು ಮೂಲೆಯ ಕಪ್ಪು ಗುರುತು ಹಾಕಿಸಿ ಕೈ ತೊಳೆದುಕೊಂಡರು. ನಮ್ಮಲ್ಲಿ 2022ರಲ್ಲಿ ಕರಡು ಬಂತು. ಎಚ್ಚರಿಕೆ ಬೇಡ, ನಕ್ಷತ್ರ ಕೊಡೋಣ ಎಂದಿತು ಆ ಕರಡು. ಎಷ್ಟೇ ಕೆಟ್ಟದ್ದಾದರೂ ಅರ್ಧ ನಕ್ಷತ್ರ ಸಿಕ್ಕೇ ಸಿಗುತ್ತದೆ. ಯಾರನ್ನೂ ಫೇಲ್ ಮಾಡದ ಮೇಷ್ಟ್ರ ಪದ್ಧತಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ತೀರ್ಮಾನಿಸಿ ಎಂದಿತು. ಮೂರು ತಿಂಗಳು ಮುಗಿದ ಮೇಲೆ ಇನ್ನೂ ಮೂರು ತಿಂಗಳು ಕೇಳಿ ಪಡೆದರು. ಕ್ಯಾಂಟೀನಿನ ಬೋಂಡಾಕ್ಕೆ ಬೋರ್ಡ್ ಹಾಕಲು ಒಂದು ಪತ್ರ ಸಾಕಾಯಿತು. ಚಿಪ್ಸ್ ಪ್ಯಾಕೆಟ್ಟಿಗೆ ಸಮಿತಿ ಬೇಕು, ತಜ್ಞರು ಬೇಕು, ಸಾವಿರಾರು ಆಕ್ಷೇಪಣೆಗಳನ್ನು ಓದಬೇಕು. ಬೋಂಡಾ ಕರಿಯುವವನಿಗೆ ವಕೀಲರಿಲ್ಲ ನೋಡಿ.

ಶಾಸನ ಮಾಡುವವರೂ ಈ ವಿಷಯದಲ್ಲಿ ಬಹಳ ದಣಿದಿದ್ದಾರೆ. 2025ರ ಬಜೆಟ್ ಅಧಿವೇಶನಕ್ಕೆ ನಮ್ಮ ವಿಧಾನಸೌಧದಲ್ಲಿ ಶಾಸಕರು ಊಟವಾದ ಮೇಲೆ ಸ್ವಲ್ಪ ಒರಗಿಕೊಳ್ಳಲಿ ಎಂದು ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸಿದ್ದು ನೆನಪಿದೆಯಾ? ಊಟಕ್ಕೆ ಹೊರಗೆ ಹೋದವರು ವಾಪಸ್ ಬರುವುದಿಲ್ಲ, ಅದಕ್ಕೇ ಈ ಏರ್ಪಾಡು ಎಂದು ಕಾರಣ ಕೊಟ್ಟರು. ಉಂಡ ಮೇಲೆ ಹತ್ತು ನಿಮಿಷ ಅಡ್ಡಾಡಿದರೆ ರಕ್ತದ ಸಕ್ಕರೆಗೆ ಒಳ್ಳೆಯದು ಎನ್ನುತ್ತಾರೆ ವೈದ್ಯರು. ಅಷ್ಟು ದೊಡ್ಡ ಕಲ್ಲುಕಟ್ಟಡ, ಅಷ್ಟು ಉದ್ದದ ಕಾರಿಡಾರು ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ ಹೋಗಿದ್ದಾರೆ. ಅದನ್ನು ನೋಡಿಯೇ ಕೆಲವರಿಗೆ ಆಯಾಸವಾಗುತ್ತದೇನೋ.

ತೆರಿಗೆ ಹಾಕುವವರ ಬುದ್ಧಿಯಂತೂ ಇನ್ನೂ ಚುರುಕು. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯವರು ಜೈಸಲ್ಮೇರ್‌ನಲ್ಲಿ ಸೇರಿ ಪಾಪ್‌ಕಾರ್ನಿಗೆ ಮೂರು ಜಾತಿ ಮಾಡಿದ್ದರು. ಬಿಡಿ ಮಾರಿದರೆ ಶೇ 5, ಪ್ಯಾಕ್ ಮಾಡಿದರೆ 12, ಸಕ್ಕರೆ ಪಾಕ ಸುರಿದರೆ 18. ಸಿಹಿಗೆ ಜಾಸ್ತಿ ತೆರಿಗೆ, ಒಂದು ಲೆಕ್ಕಕ್ಕೆ ಸರಿಯೇ ಇತ್ತು. ಜನ ನಕ್ಕರು. 2025ರ ಸೆಪ್ಟೆಂಬರ್ 22ರಿಂದ ಹೊಸ ದರ ಬಂತು. ಜಿಮ್‌ಗೆ ಶೇ 18 ಇದ್ದದ್ದು 5ಕ್ಕೆ ಇಳಿಯಿತು. ಭೇಷ್ ಎಂದು ಚಪ್ಪಾಳೆ ತಟ್ಟುವಷ್ಟರಲ್ಲಿ ಪಟ್ಟಿಯ ಉಳಿದ ಸಾಲು ಕಣ್ಣಿಗೆ ಬಿತ್ತು. ಬಿಸ್ಕತ್ತು, ಕೇಕು, ಚಾಕೊಲೇಟು, ಐಸ್‌ಕ್ರೀಮು, ಪ್ಯಾಕೆಟ್ ಖಾರ ಎಲ್ಲವೂ 5ಕ್ಕೇ ಇಳಿದಿದ್ದವು. ಬೆಳಿಗ್ಗೆ ಮೈ ದಂಡಿಸುವವನಿಗೂ ರಾತ್ರಿ ಐಸ್‌ಕ್ರೀಮ್ ತಿನ್ನುವವನಿಗೂ ಸಮಾನ ರಿಯಾಯಿತಿ. ಇಬ್ಬರೂ ಒಬ್ಬನೇ ಆಗಿದ್ದರಂತೂ ಹಬ್ಬ.

ಖರ್ಚಿಲ್ಲದ ದಾರಿ ನಡಿಗೆ ಅನ್ನುತ್ತೀರಾ? ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕು ಎಂಬ ಮಂತ್ರ ಎಲ್ಲರ ಬಾಯಲ್ಲೂ ಇದೆ. ಇದು ಯಾವ ವೈದ್ಯರ ಸಂಶೋಧನೆಯಿಂದ ಹುಟ್ಟಿದ್ದೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮೇಲೆ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟುಕೊಂಡ ಸಂಖ್ಯೆ. ಅದಕ್ಕಿಂತ ಕಡಿಮೆ ನಡೆದರೂ ಒಳ್ಳೆಯದಾಗುತ್ತದೆ ಎಂದು ಆಮೇಲೆ ಸಂಶೋಧಕರು ಹೇಳಿದರು. ಸಣ್ಣ ಸಂಖ್ಯೆ ಯಾರಿಗೆ ಬೇಕು? ಕಂಪನಿಗಳಲ್ಲಿ ಹೆಜ್ಜೆ ಸ್ಪರ್ಧೆ ಇಡುತ್ತಾರೆ. ಗೆದ್ದವರಿಗೆ ಬಹುಮಾನ, ಅದು ಹೆಚ್ಚಾಗಿ ಊಟದ ಕೂಪನ್. ಫೋನನ್ನು ಮಗುವಿನ ತೊಟ್ಟಿಲಿಗೆ ಕಟ್ಟಿ ತೂಗುವವರಿದ್ದಾರೆ ಎಂದು ಕೇಳಿದ್ದೇನೆ. ಮಗುವಿಗೂ ನಿದ್ದೆ, ಅಪ್ಪನಿಗೂ ಹೆಜ್ಜೆ.

ನಿಜವಾಗಿಯೂ ನಡೆಯುತ್ತೇನೆ ಎಂದು ಹೊರಟವನಿಗೆ ಬೆಂಗಳೂರು ಏನೇನೂ ಕಡಿಮೆ ಮಾಡಿಲ್ಲ. ಲಾಲ್‌ಬಾಗಿಗೆ, ಕಬ್ಬನ್ ಪಾರ್ಕಿಗೆ ಕಾರಿನಲ್ಲಿ ಹೋಗಿ ಒಳಗೆ ಸುಖವಾಗಿ ನಡೆಯಬಹುದು. ಮನೆ ಮುಂದಿನ ಫುಟ್‌ಪಾತಿನಲ್ಲಿ ನಡೆಯುವುದು ಬೇರೆ ವಿದ್ಯೆ. ಅಲ್ಲಿ ಚಪ್ಪಡಿ ಹಾರಬೇಕು, ಟ್ರಾನ್ಸ್‌ಫಾರ್ಮರ್ ಬಳಸಬೇಕು, ಕೇಬಲಿಗೆ ತಲೆ ಬಗ್ಗಿಸಬೇಕು, ಹಿಂದಿನಿಂದ ಹಾರನ್ ಹೊಡೆಯುವ ಸ್ಕೂಟರಿಗೆ ಪಕ್ಕಕ್ಕೆ ಸರಿಯಬೇಕು. ಇಡೀ ಮೈಗೆ ವ್ಯಾಯಾಮ, ಫೀಸಿಲ್ಲ. ಇಷ್ಟೆಲ್ಲ ದಾಟಿ ಮೂಲೆಗೆ ಬಂದರೆ ಮೂರು ಮಹಡಿಯ ಹೊಸ ಜಿಮ್. ಗಾಜಿನ ಹಿಂದೆ ಸಾಲಾಗಿ ಜನ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದಾರೆ. ಕೆಳಗೆ ಫುಟ್‌ಪಾತಿನ ಉದ್ದಕ್ಕೂ ಅವರ ಕಾರುಗಳು. ಏನಪ್ಪಾ ಇದು, ಎಲ್ಲಿ ನಡೆಯೋದು ಅಂತ ಕೇಳಿದರೆ ವಾಚ್‌ಮನ್ ಬಹಳ ಮರ್ಯಾದೆಯಿಂದಲೇ ಹೇಳುತ್ತಾನೆ:

"ವಾಕಿಂಗ್ ಮಾಡೋರ ಗಾಡಿಗಳು ಸಾರ್. ಒಂದು ಗಂಟೆ ಅಷ್ಟೇ. ನೀವು ಸ್ವಲ್ಪ ರೋಡಲ್ಲಿ ಇಳಿದು ಹೋಗಿ."